ಬ್ಯಾಂಡ್ ಸೆಟ್ ಕೂತು ಬಾರಿಸಿದ ಸಂಜೆ

ಸಾಗರದ ಬ್ಯಾಂಡ್ ಸೆಟ್ಟಿನಲ್ಲಿ ನಾನು ದೊಡ್ಡ ಡ್ರಮ್ ಹೊಡೆಯುತ್ತಿದ್ದೆ. ಉಳಿದ ದಿನಗಳಲ್ಲಿ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವುದು, ಮದುವೆ ಬಂತೆಂದರೆ ಡ್ರಮ್ಮನ್ನು ಕೊರಳಿಗೆ ನೇತುಹಾಕಿಕೊಂಡು ದಿಬ್ಬಣದ ಮುಂದೆ ನಡೆಯುವುದು. ಶಾಲೆಗೆ ನಾನು ಸೇರಿದ್ದೇ ತಡವಾಗಿ. ಇಪ್ಪತ್ತು ದಾಟಿದ ಮೇಲೂ ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದೆ. ಇಂಗ್ಲಿಷ್ ಎಂದರೆ ಪಾಠದ ಪುಸ್ತಕದಲ್ಲಿದ್ದಷ್ಟೇ ಗೊತ್ತು. ಆದರೂ ಶಾಪಿಗೆ ಬರುವವರ ಪೈಕಿ ಅಷ್ಟಾದರೂ ಗೊತ್ತಿದ್ದವನು ನಾನೊಬ್ಬನೇ.

ಶಾಪಿನ ಯಜಮಾನರನ್ನು ಪೇಟೆಯೆಲ್ಲ ಸಾಹೇಬರು ಎಂದೇ ಕರೆಯುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಸಿ ಊರಿಗೆ ಹೊರಟ ಕಂಟ್ರಾಕ್ಟರೊಬ್ಬರು ತಮ್ಮ ದೊಡ್ಡ ರೇಡಿಯೋವನ್ನು ಅವರಿಗೆ ಬಿಟ್ಟುಹೋಗಿದ್ದರು. ವಾಲ್ವು ಬಿಸಿಯಾಗುವವರೆಗೆ ಅದು ಉಸಿರೆತ್ತುತ್ತಿರಲಿಲ್ಲ. ಆಮೇಲೆ ಮೂಲೆಯಲ್ಲಿ ಒಂದು ಹಸಿರು ಕಣ್ಣು ಬಿಡುತ್ತಿತ್ತು. ಅದು ಕಣ್ಣು ಬಿಟ್ಟಿತೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

ಹೀಗೆ ಕೂರುವವರಲ್ಲಿ ಖಾಯಂ ಗಿರಾಕಿಗಳು ಇಬ್ಬರು. ಒಬ್ಬರು ತಾಳಮದ್ದಲೆಯಲ್ಲಿ ಅರ್ಥ ಹೇಳುವ ಅರ್ಥಧಾರಿ. ತೋಟದ ಕೆಲಸ ಮಗನಿಗೆ ವಹಿಸಿ ಸಂಜೆಗೆ ಪೇಟೆಗೆ ಇಳಿಯುತ್ತಿದ್ದರು. ನಾವೆಲ್ಲ ಅವರನ್ನು ಅಯ್ಯ ಎನ್ನುತ್ತಿದ್ದೆವು. ಇನ್ನೊಬ್ಬನು ಬಸ್ಸಿನ ಡ್ರೈವರು, ಮೇಳಿಗೆಯ ಕಡೆಯವನು. ಅವನ ಬಸ್ಸು ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ ಸಂಜೆಗೆ ತಿರುಗಿ ಬರುತ್ತಿತ್ತು. ಮೂರೂ ಊರಿನ ಸುದ್ದಿ ಅವನ ಬಾಯಲ್ಲಿರುತ್ತಿತ್ತು. ಅದರಲ್ಲಿ ಅರ್ಧ ಅವನೇ ಕಟ್ಟಿದ್ದು.

ಒಂದು ಭಾನುವಾರ ದೀಪ ಹಚ್ಚುವ ಹೊತ್ತು. ಸಾಹೇಬರು ಸಿನಿಮಾ ಹಾಡು ಹುಡುಕುತ್ತ ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸುತ್ತಿದ್ದರು. ಕೊರಕೊರ ಸದ್ದಿನ ನಡುವೆ ಒಮ್ಮೆಗೇ ಏನೋ ನುಗ್ಗಿ ಬಂತು. ಡ್ರಮ್ಮು ಓಡುತ್ತಿತ್ತು. ಅದರ ಮೇಲೆ ಯಾರೋ ನಗುತ್ತ ಅಳುತ್ತ ಊದುತ್ತಿದ್ದರು.

"ಎಂಥದು ಸಾಹೇಬ್ರೇ, ಕೋಳಿಗೂಡಿಗೆ ಬೆಕ್ಕು ನುಗ್ಗಿದಂಗಿದೆ," ಎಂದ ಡ್ರೈವರು.

"ಮುಳ್ಳು ಸರಿ ಕೂತಿಲ್ಲ, ತಡಿ."

ಎದುರಿನ ಟೈಲರ್ ಅಂಗಡಿಯಿಂದ ನಮ್ಮ ಮಾಸ್ಟ್ರು ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದರು. ಹಗಲಿಗೆ ಅವರು ಟೈಲರ್, ಮದುವೆಗೆ ನಮ್ಮ ಬ್ಯಾಂಡಿನ ಯಜಮಾನ, ಕ್ಲಾರಿನೆಟ್ ಊದುವವರು. "ಮುಟ್ಬೇಡಿ ಸಾಹೇಬ್ರೇ. ಅದು ಕ್ಲಾರಿನೆಟ್ಟು," ಎಂದರು. ರೇಡಿಯೋದ ಬಟ್ಟೆಗೆ ಕಿವಿ ತಾಗಿಸಿ ಕೊನೆಯವರೆಗೆ ನಿಂತಿದ್ದರು. ಕೊನೆಗೆ ಒಬ್ಬ ಗಂಭೀರ ದನಿಯವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವರೆಲ್ಲ ನನ್ನ ಮುಖ ನೋಡಿದರು.

"ಜಾಜ್ ಅಂತೆ, ಅಮೆರಿಕದ್ದು. ಬರೋ ಭಾನುವಾರ ಇದೇ ಹೊತ್ತಿಗೆ ಮತ್ತೆ ಇದೆಯಂತೆ," ಎಂದೆ. ನನಗೆ ತಿಳಿದದ್ದು ಅಷ್ಟೇ. ಆದರೆ ಆ ವಾರವೆಲ್ಲ ನನಗೆ ಭಾನುವಾರದ್ದೇ ಧ್ಯಾನ. ಟ್ಯೂಬಿಗೆ ಗಾಳಿ ಹೊಡೆಯುವಾಗಲೂ ಪಂಪು ಆ ಡ್ರಮ್ಮಿನ ನಡೆಯಲ್ಲೇ ಏಳುತ್ತಿತ್ತು, ಇಳಿಯುತ್ತಿತ್ತು.

ಹೀಗೆ ಭಾನುವಾರದ ಕೂಟ ಶುರುವಾಯಿತು. ಕೇಳಿದ್ದರ ಮೇಲೆ ಅಭಿಪ್ರಾಯ ಹೇಳದೆ ಎದ್ದು ಹೋಗುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಪಿಯಾನೋ ಬಂದರೆ ಡ್ರೈವರಿಗೆ ಇಷ್ಟ. ಹೊಸನಗರದ ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಹಾಗೆ ಇರುತ್ತದಂತೆ. ಹಾಡುವ ಹೆಂಗಸರು ಬಂದರೆ ಸಾಹೇಬರು ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಅಯ್ಯನವರು ಮಾತ್ರ ಮೊದಲ ಕೆಲವು ವಾರ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು.

"ಎಂತ ಮಾರಾಯ ಇದು. ಶುರುವಿಗೆ ಎಲ್ಲಾ ಸೇರಿ ಒಂದು ಹೇಳ್ತ, ಆಮೇಲೆ ಒಬ್ಬೊಬ್ಬನೂ ತನಗೆ ತೋಚಿದ್ದು ಹೇಳ್ತ. ಹೇಳೋರು ಕೇಳೋರು ಯಾರೂ ಇಲ್ಲೆ," ಎನ್ನುತ್ತಿದ್ದರು.

"ನಿಮ್ಗೆ ಸೇರ್ದೆ ಇದ್ರೆ ಮನೆಗೆ ಹೋಗಿ ಅಯ್ಯಾ, ಯಾರು ಹಿಡ್ಕಂಡಿದಾರೆ?" ಎಂದು ಸಾಹೇಬರು ಕಿಚಾಯಿಸುವರು.

"ಬೆಂಚು ನಿಂದಾ? ನಾನು ಕೂತಿದ್ದಿ, ಕೂತಿರ್ತಿ."

ಒಂದು ಭಾನುವಾರ ಕ್ಲಾರಿನೆಟ್ಟು ನಿಂತು ಟ್ರಂಪೆಟ್ಟು ಎದ್ದಾಗ ಅಯ್ಯನವರು ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲೇ ಕೈಯೆತ್ತಿದರು. ಹೊರಗೆ ಹೋಗಿ ಉಗಿದು ಬಂದರು. "ತಡಿ, ತಡಿ. ಇದು ತಾಳಮದ್ದಲೆ ಅಲ್ದನ?"

ಆ ಮಾತು ನನಗೆ ಈಗಲೂ ನೆನಪಿದೆ. ನಮ್ಮ ಕಡೆ ಮಳೆಗಾಲವೆಲ್ಲ ತಾಳಮದ್ದಲೆ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಆಮೇಲೆ ಅರ್ಥಧಾರಿಗಳು ಕೂತಲ್ಲೇ ಆ ಪದಕ್ಕೆ ಅರ್ಥ ಹೇಳುತ್ತಾರೆ. ಬರೆದಿಟ್ಟುಕೊಂಡದ್ದಲ್ಲ, ಆ ಗಳಿಗೆಗೆ ಹೊಳೆದದ್ದು. ಒಬ್ಬ ಕೃಷ್ಣನಾಗಿ ಪ್ರಶ್ನೆ ಹಾಕಿದರೆ ಇನ್ನೊಬ್ಬ ಕೌರವನಾಗಿ ಉತ್ತರ ಕೊಡುತ್ತಾನೆ. ಎಷ್ಟು ದೂರ ಹೋದರೂ ಪದಕ್ಕೆ ತಿರುಗಿ ಬರಲೇಬೇಕು. ರೇಡಿಯೋದವರೂ ಅದನ್ನೇ ಮಾಡುತ್ತಿದ್ದರು.

ಅಂದಿನಿಂದ ನಮಗೆ ಕೇಳುವ ದಾರಿ ಸಿಕ್ಕಿತು. ಈ ವಾರ ಟ್ರಂಪೆಟ್ಟು ಸೋತಿತು, ಆ ವಾರ ಪಿಯಾನೋ ಉತ್ತರ ಕೊಡದೆ ಜಾರಿಕೊಂಡಿತು ಎಂದು ವಾದ ಬೀಳುತ್ತಿತ್ತು. ಡ್ರೈವರು ಈ ತೀರ್ಪುಗಳನ್ನೆಲ್ಲ ಸೋಮವಾರ ಬಸ್ಸಿನಲ್ಲಿ ಒಯ್ಯುತ್ತಿದ್ದ. ತೀರ್ಥಹಳ್ಳಿಯ ಹೋಟೆಲೊಂದರಲ್ಲಿಯೂ ರೇಡಿಯೋ ಇತ್ತು. ಅಲ್ಲಿಯವರೂ ಕೇಳಲು ಶುರು ಮಾಡಿದರು. ಸಂಜೆಗೆ ಅವರ ಅಭಿಪ್ರಾಯ ಬಂದು ಮುಟ್ಟುತ್ತಿತ್ತು.

"ತೀರ್ಥಳ್ಳಿಯೋರು ಹೇಳ್ತಾರೆ, ಸಾಗರದೋರಿಗೆ ಕಿವಿ ಇಲ್ಲ, ಟ್ರಂಪೆಟ್ಟೇ ಗೆದ್ದಿದ್ದು ಅಂತ."

"ಹೊಳೆ ಸದ್ದಲ್ಲಿ ಅವ್ರಿಗೆ ಏನು ಕೇಳಿರ್ತದೆ ಅಂತ ಹೇಳು ಹೋಗಿ," ಎಂದು ಸಾಹೇಬರು ಉತ್ತರ ಕಳಿಸುವರು. ಹೊಸನಗರದವರು ಯಾರ ಕಡೆ ಎಂದು ಕೇಳಿದರೆ, ಅಲ್ಲಿ ಗುಡ್ಡ ಅಡ್ಡ ಬಂದು ಸ್ಟೇಷನ್ನೇ ಸಿಗುವುದಿಲ್ಲವೆಂದೂ, ಆದರೂ ಅವರು ಪಿಯಾನೋ ಕಡೆಯೆಂದೂ ಡ್ರೈವರು ಹೇಳುತ್ತಿದ್ದ.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಭಾನುವಾರ ಬೇರೆಯೇ ಬಗೆಯ ಕಾರ್ಯಕ್ರಮ ಬಂತು. ಒಬ್ಬೊಬ್ಬರ ಸರದಿ ಮುಗಿದಾಗಲೂ ಜನರ ಚಪ್ಪಾಳೆ, ಮಳೆ ಬಂದು ಹಂಚಿನ ಮೇಲೆ ಬಿದ್ದ ಹಾಗೆ. ಮಾಸ್ಟ್ರು ನನ್ನ ಭುಜ ಹಿಡಿದರು. "ಎಲ್ಲಿ ಇದು? ಏನು ಹೇಳ್ತಾನೆ ಕೇಳು."

ಫೆಸ್ಟಿವಲ್ ಎಂಬುದು ಕೇಳಿಸಿತು. "ಯಾವ್ದೋ ಹಬ್ಬ. ಬಯಲಲ್ಲಿ ನಡೀತಿದೆ," ಎಂದೆ.

"ಯಾವ ದೇವ್ರದ್ದಡ?" ಎಂದರು ಅಯ್ಯನವರು.

"ಅದು ಹೇಳ್ಲಿಲ್ಲ."

"ಜನ ನಿಂತಿದಾರಾ, ಕೂತಿದಾರಾ?" ಇದು ಮಾಸ್ಟ್ರ ಪ್ರಶ್ನೆ.

ನಾನು ಕಣ್ಣು ಮುಚ್ಚಿ ಕೇಳಿದೆ. ಸೀಟು ಎಂಬ ಮಾತು ಎರಡು ಮೂರು ಸಲ ಬಂತು. "ಕೂತಿದಾರೆ ಮಾಸ್ಟ್ರೇ. ಸಾವಿರಗಟ್ಲೆ ಜನ. ದುಡ್ಡು ಕೊಟ್ಟು ಕೂತಿದಾರೆ."

ಮಾಸ್ಟ್ರು ಅಂಗಡಿಗೆ ಹೋದರು. ಮಾರನೆಯ ದಿನ ಬೆಳಿಗ್ಗೆ ನಾನು ಶಟರು ಎತ್ತುವಾಗಲೇ ಬಂದು ನಿಂತರು. "ನನ್ನ ಹತ್ರ ಇರೋದೂ ಅದೇ ಕ್ಲಾರಿನೆಟ್ಟೇ. ಹದಿನಾರನೇ ವಯಸ್ಸಿಂದ ಊದ್ತಿದೀನಿ. ಒಬ್ಬ ಮನುಷ್ಯ ಎದುರು ಕೂತು ಕೇಳಿದ್ದಿಲ್ಲ. ಮದುವೇಲಿ ಓಲಗದೋರಿಗಾದ್ರೂ ಚಾಪೆ ಹಾಸ್ತಾರೆ. ನಾವು ರಸ್ತೇಲೇ ಹುಟ್ಟಿ ರಸ್ತೇಲೇ ಮುಗಿಯೋರು. ಈ ವರ್ಷ ಗಣಪತಿ ಹಬ್ಬದ ಸ್ಟೇಜಿನ ಮೇಲೆ ಕೂರ್ಬೇಕು. ಒಂದೇ ಒಂದ್ಸಲ."

ಅವರು ಹೇಳಿದ್ದು ನಿಜ. ಬ್ಯಾಂಡಿನ ಸದ್ದು ಬಂತೆಂದರೆ ಜನ ಮದುಮಗನನ್ನು ನೋಡಲು ಓಡಿ ಬರುತ್ತಿದ್ದರು. ನಮ್ಮನ್ನು ನೋಡಲು ಬಂದವರನ್ನು ನಾನು ಕಂಡಿರಲಿಲ್ಲ.

ಗಣಪತಿ ಸಮಿತಿಯ ಕಾರ್ಯದರ್ಶಿ ಬಟ್ಟೆ ಅಂಗಡಿಯವರು. ಮಾಸ್ಟ್ರು, ಸಾಹೇಬರು, ನಾನು ಮೂವರೂ ಹೋದೆವು. ಅವರು ಗಜದ ಕೋಲು ಕೆಳಗಿಡದೆಯೇ ಕೇಳಿಸಿಕೊಂಡರು.

"ಬ್ಯಾಂಡ್ ಸೆಟ್ಟು ಗಣಪತಿ ಬಿಡೋ ದಿನ ಬೇಕೇ ಬೇಕು. ಮೆರವಣಿಗೇಲಿ ಬಾರ್ಸಿ. ಸ್ಟೇಜಿನ ಮೇಲೆ ಕೂತು ಏನು ಮಾಡ್ತೀರಿ?"

"ಕೂತು ಬಾರಿಸ್ತೀವಿ," ಎಂದರು ಮಾಸ್ಟ್ರು.

"ಕೂತು ಬಾರ್ಸಿದ್ರೆ ಅದು ಬ್ಯಾಂಡಾ?"

ಸಾಹೇಬರು ಅಮೆರಿಕದ ಕಥೆ ತೆಗೆದರು. ಅಲ್ಲಿ ಸಾವಿರಗಟ್ಟಲೆ ಜನ ಸೀಟಿಗೆ ದುಡ್ಡು ಕೊಡುತ್ತಾರೆಂದಾಗ ಕಾರ್ಯದರ್ಶಿಗಳು ಸ್ವಲ್ಪ ಮೆತ್ತಗಾದರು. ಮೂರನೆಯ ದಿನ ಹರಿಕಥೆಗೆ ಮುಂಚೆ ಅರ್ಧ ಗಂಟೆ ಕೊಡುವುದೆಂದಾಯಿತು. "ಆದ್ರೆ ಜನ ಎದ್ದು ಹೋದ್ರೆ ಮತ್ತೆ ಈ ಮಾತು ಎತ್ತಬಾರ್ದು ಮಾಸ್ಟ್ರೇ. ನಿಮ್ಮ ಪಾಡಿಗೆ ನೀವು ರಸ್ತೆ, ನಮ್ಮ ಪಾಡಿಗೆ ನಾವು ಸ್ಟೇಜು," ಎಂದರು. ಮಾಸ್ಟ್ರು ಒಪ್ಪಿ ಬಂದರು. ದಾರಿಯಲ್ಲಿ ಅವರ ಹೆಜ್ಜೆಗೆ ನಮಗೆ ಹೆಜ್ಜೆ ಹಾಕಲಾಗಲಿಲ್ಲ.

ಮಳೆಗಾಲಕ್ಕೆ ಬ್ಯಾಂಡಿಗೆ ಕೆಲಸವಿಲ್ಲ. ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಹಳೇ ಟಯರುಗಳ ನಡುವೆ ಅಭ್ಯಾಸ ಶುರುವಾಯಿತು. ನಾವು ನಾಲ್ವರು: ಮಾಸ್ಟ್ರದು ಕ್ಲಾರಿನೆಟ್ಟು, ಅವರ ಭಾವಮೈದುನನದು ಟ್ರಂಪೆಟ್ಟು, ಸೈಡ್ ಡ್ರಮ್ಮಿನವನೊಬ್ಬ, ಆಮೇಲೆ ನಾನು. ಯಾವುದನ್ನು ಬಾರಿಸುವುದೆಂದು ಅಯ್ಯನವರೇ ಹೇಳಿಕೊಟ್ಟರು. "ಅಮೆರಿಕದ್ದು ಬೇಡ. ಎಲ್ಲರಿಗೂ ಗೊತ್ತಿದ್ದ ಒಂದು ಪದ ಎತ್ತಿ. ಪದ ಗೊತ್ತಿದ್ರೆ ಮಾತ್ರ ಅರ್ಥದ ರುಚಿ." ಹಾಗೆ ಯಕ್ಷಗಾನದ ಆಟಗಳಲ್ಲಿ ಭಾಗವತರು ಹೇಳುವ, ದನ ಕಾಯುವವರೂ ಗುನುಗುವ ಒಂದು ಪದವನ್ನು ಹಿಡಿದೆವು.

ಮೊದಲ ದಿನವೇ ಗೊತ್ತಾಯಿತು, ಕೂತು ಬಾರಿಸಲು ನಮಗೆ ಬರುವುದಿಲ್ಲವೆಂದು. ನಮ್ಮ ತಾಳವಿದ್ದದ್ದು ಕಾಲಲ್ಲಿ. ಎಡಗಾಲು ನೆಲಕ್ಕೆ ಬಿದ್ದಾಗ ನನ್ನ ಪೆಟ್ಟು ಬೀಳಬೇಕು, ಬಲಗಾಲಿಗೆ ಸೈಡ್ ಡ್ರಮ್ಮು. ಮದುವೆ ದಿಬ್ಬಣ ಎಂದೂ ಓಡುವುದಿಲ್ಲ, ಹಾಗಾಗಿ ನಾವೂ ಓಡಿದವರಲ್ಲ. ಸ್ಟೂಲಿನ ಮೇಲೆ ಕೂತು ಕಾಲು ಸುಮ್ಮನಾದ ಕೂಡಲೇ ಹಗ್ಗ ಬಿಚ್ಚಿದ ಕರುವಿನಂತೆ ಲಯ ಓಡತೊಡಗಿತು. ಎರಡು ನಿಮಿಷದಲ್ಲಿ ನಾಲ್ವರೂ ನಾಲ್ಕು ಕಡೆ.

"ಎದ್ದು ನಿಂತ್ಕಂಡೇ ಬಾರಿಸಾಣ ಭಾವ," ಎಂದ ಭಾವಮೈದುನ.

"ನಿಂತ್ರೆ ಏನು ಬಂತು? ನಿಲ್ಲೋದು ದಿನಾ ಇದ್ದಿದ್ದೇ. ಕೂತೇ ಆಗ್ಬೇಕು," ಎಂದರು ಮಾಸ್ಟ್ರು.

ಕೊನೆಗೆ ದಾರಿ ಹೊಳೆದದ್ದು ಸೈಡ್ ಡ್ರಮ್ಮಿನವನಿಗೆ. ಕೂತಲ್ಲೇ ನಡೆಯುವುದು. ಕಾಲ ಕೆಳಗೆ ಹಲಗೆ ಹಾಕಿಕೊಂಡು ಹಿಮ್ಮಡಿಯನ್ನು ಎಡ, ಬಲ, ಎಡ, ಬಲ ಕುಟ್ಟತೊಡಗಿದೆವು. ಲಯ ಮನೆಗೆ ಬಂತು. ನಾಲ್ವರ ಹಿಮ್ಮಡಿಯೂ ಒಟ್ಟಿಗೆ ಹಲಗೆಗೆ ಬಿದ್ದಾಗ ಆ ಕೋಣೆಯಲ್ಲಿ ಎದ್ದ ಸದ್ದು ರೇಡಿಯೋದಲ್ಲೂ ಕೇಳಿರಲಿಲ್ಲ. ಮಾಸ್ಟ್ರು ಊದುವುದನ್ನು ಬಿಟ್ಟು ನಕ್ಕರು.

ಇನ್ನೊಂದು ಏರ್ಪಾಡನ್ನು ಮಾಸ್ಟ್ರೇ ಮಾಡಿದರು. ಒಬ್ಬನ ಸರದಿ ಮುಗಿದದ್ದು ಇನ್ನೊಬ್ಬನಿಗೆ ಹೇಗೆ ತಿಳಿಯಬೇಕು? ರೇಡಿಯೋದಲ್ಲಿ ಚಪ್ಪಾಳೆ ಬೀಳುತ್ತದೆ, ಚಪ್ಪಾಳೆ ಇಳಿಯುತ್ತಿದ್ದಂತೆ ಮುಂದಿನವನು ಎತ್ತಿಕೊಳ್ಳುತ್ತಾನೆ. "ಹಂಗೇ ಮಾಡಾಣ. ಚಪ್ಪಾಳೆ ಬಿದ್ಮೇಲೆ ನೀನು ಎತ್ಕೋ," ಎಂದು ಭಾವಮೈದುನನಿಗೆ ಹೇಳಿದರು. ಅಭ್ಯಾಸದಲ್ಲಿ ಚಪ್ಪಾಳೆಯ ಕೆಲಸ ಸಾಹೇಬರದ್ದು. ಗ್ರೀಸು ಮೆತ್ತಿದ ಕೈಯಲ್ಲಿ ಅವರು ಪಟಪಟ ಹೊಡೆದರೆ ಟ್ರಂಪೆಟ್ಟು ಏಳುತ್ತಿತ್ತು. ಹೀಗೆ ಗಣಪತಿ ಹಬ್ಬದವರೆಗೂ ನಡೆಯಿತು. ಇದರಲ್ಲಿ ಏನಾದರೂ ತೊಂದರೆಯಿದೆಯೆಂದು ನಮ್ಮಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ.

ಮೂರನೆಯ ದಿನ ಸಂಜೆ ಪೆಂಡಾಲು ತುಂಬಿತ್ತು. ಹರಿಕಥೆಗೆಂದು ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರೇ ಹೆಚ್ಚು. ಮುಂದಿನ ಸಾಲಿನಲ್ಲಿ ಅಯ್ಯನವರು, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಸಾಹೇಬರು. ಡ್ರೈವರು ಕಂಬಕ್ಕೆ ಒರಗಿ ನಿಂತಿದ್ದ. ನಾವು ಜರಿ ಪಟ್ಟಿಯ ಕೋಟು ತೊಟ್ಟು ಸ್ಟೇಜು ಹತ್ತಿದೆವು. ನಾಲ್ಕು ಮಡಚುವ ಕುರ್ಚಿಗಳು. ಮಾಸ್ಟ್ರು ತಮ್ಮ ಕುರ್ಚಿಯನ್ನು ಒಮ್ಮೆ ಮುಟ್ಟಿ ನೋಡಿ ಕೂತರು.

ಸ್ಟೇಜಿನ ಹಲಗೆಯ ಕೆಳಗೆ ಟೊಳ್ಳು. ನಮ್ಮ ಹಿಮ್ಮಡಿಯ ಮೊದಲ ಪೆಟ್ಟಿಗೇ ಪೆಂಡಾಲೆಲ್ಲ ಗುಮ್ಮೆಂದಿತು. ಪದ ಎತ್ತಿದೆವು. ಗುರುತು ಹತ್ತಿದ ಕೂಡಲೇ ಹೆಂಗಸರ ಕಡೆ ಗುಸುಗುಸು ಎದ್ದು ಅಡಗಿತು. ಆಮೇಲೆ ಮಾಸ್ಟ್ರು ಒಬ್ಬರೇ ಹೊರಟರು. ಅಷ್ಟು ಚೆನ್ನಾಗಿ ಅವರು ಊದಿದ್ದನ್ನು ನಾನು ಕೇಳಿರಲಿಲ್ಲ. ಪದದ ಒಂದು ತುಂಡನ್ನು ಹಿಡಿದು ಕೇಳಿದರು, ಗದರಿದರು, ಬೇಡಿದರು. ನನ್ನ ಕೈಯಲ್ಲಿದ್ದ ಕೋಲು ಬೆವರಿಗೆ ಜಾರುತ್ತಿತ್ತು. ಸಂತೋಷಕ್ಕೆ ಬಂದ ಬೆವರು. ಪ್ರಶ್ನೆ ಹಾಕಿದ ಹಾಗೆ ಮೇಲೇರಿಸಿ ಅವರು ನಿಲ್ಲಿಸಿದರು. ಕ್ಲಾರಿನೆಟ್ಟು ಮೊಣಕಾಲ ಮೇಲಿಟ್ಟರು.

ಚಪ್ಪಾಳೆ ಬೀಳಲಿಲ್ಲ.

ಒಬ್ಬರೂ ಅಲುಗಾಡಲಿಲ್ಲ. ತಲೆ ತಗ್ಗಿಸಿ ಕೂತಿದ್ದರು, ಕೆಲವರು ಕಣ್ಣು ಮುಚ್ಚಿಕೊಂಡು. ಭಾವಮೈದುನ ಟ್ರಂಪೆಟ್ಟನ್ನು ತುಟಿಯ ಹತ್ತಿರ ಹಿಡಿದು ಕಾಯುತ್ತಿದ್ದ. ಚಪ್ಪಾಳೆಯಿಲ್ಲದೆ ಎತ್ತಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ನಾನೂ ಸೈಡ್ ಡ್ರಮ್ಮಿನವನೂ ಬಾರಿಸುತ್ತಲೇ ಇದ್ದೆವು. ಎಡ, ಬಲ, ಎಡ, ಬಲ. ಬರೀ ಡ್ರಮ್ಮು, ಬರೀ ಹಲಗೆ. ನಾನು ಸಾಹೇಬರ ಕಡೆ ನೋಡಿದೆ. ಅವರು ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದರು. ಕಾರ್ಯದರ್ಶಿಗಳು ಪಕ್ಕದ ಪರದೆಯ ಹತ್ತಿರ ಗಡಿಯಾರ ನೋಡುತ್ತಿದ್ದರು.

ಮಾಸ್ಟ್ರ ಮುಖ ಸಣ್ಣದಾಗುತ್ತ ಬಂತು. ನಮ್ಮ ಕಡೆ ತಿರುಗಿ, "ಸಾಕು, ಏಳಿ. ಸೇರ್ಲಿಲ್ಲ ಅವ್ರಿಗೆ," ಎಂದರು. ಕ್ಲಾರಿನೆಟ್ಟನ್ನು ಕಂಕುಳಿಗೆ ಸಿಕ್ಕಿಸಿ ಕುರ್ಚಿಯಿಂದ ಎದ್ದೇಬಿಟ್ಟರು. ನನ್ನ ಕೈ ನಿಂತಿತು.

ಮುಂದಿನ ಸಾಲಿನಿಂದ ಅಯ್ಯನವರ ದನಿ ಬಂತು. ಗಟ್ಟಿಯಾಗಿ, ತಾಳಮದ್ದಲೆಯ ದನಿಯಲ್ಲಿಯೇ. "ಯಾಕೆ ಎದ್ರಿ ಮಾಸ್ಟ್ರೇ? ಇಷ್ಟು ದೊಡ್ಡ ಪ್ರಶ್ನೆ ಹಾಕಿ ಎದ್ದು ಹೋಪುದು ಅಂದ್ರೆ ಎಂತ? ಎದುರಾಳಿ ಉತ್ರ ಕೊಡ್ಲಿ. ಕೂತ್ಕಳಿ."

"ಹೌದೌದು, ಕೂತ್ಕಳಿ," ಎಂದಿತು ಹಿಂದಿನ ಒಂದು ದನಿ. "ಕೂತ್ಕಳ್ರೀ, ಮರೆ ಆಗ್ತದೆ," ಎಂದಿತು ಹೆಂಗಸರ ಕಡೆಯಿಂದ ಇನ್ನೊಂದು.

ಆಗ ನನಗೆ ತಲೆಯೊಳಗೆ ದೀಪ ಹತ್ತಿದಂತಾಯಿತು. ತಾಳಮದ್ದಲೆಯಲ್ಲಿ ಅರ್ಥಧಾರಿಯ ಮಾತಿನ ನಡುವೆ ಚಪ್ಪಾಳೆ ಹೊಡೆಯುವ ಪದ್ಧತಿ ನಮ್ಮಲ್ಲಿಲ್ಲ. ಹೊಡೆದರೆ, ‘ಸಾಕು, ನಿಲ್ಲಿಸು’ ಎಂದ ಹಾಗೆ. ಚೆನ್ನಾಗಿದ್ದಷ್ಟೂ ಜನ ತಲೆ ತಗ್ಗಿಸಿ ಕಲ್ಲಾಗುತ್ತಾರೆ. ನಾವು ಹುಟ್ಟಿದಾಗಿನಿಂದ ಹೀಗೇ ಕೇಳಿದವರು, ಬಾರಿಸುವಾಗ ಮಾತ್ರ ಅಮೆರಿಕದವರ ಚಪ್ಪಾಳೆಗೆ ಕಾದು ಕೂತಿದ್ದೆವು.

ಮಾಸ್ಟ್ರು ಕಂಕುಳಿನ ಕ್ಲಾರಿನೆಟ್ಟನ್ನು ಕೈಗೆ ತೆಗೆದುಕೊಂಡರು. ಆಮೇಲೆ ಕೂತರು. ಭಾವಮೈದುನನಿಗೆ ಗಲ್ಲದಲ್ಲೇ ಸನ್ನೆ ಮಾಡಿದರು. ನನ್ನ ಹಿಮ್ಮಡಿ ತಾನಾಗಿ ಹಲಗೆಗೆ ಬಿತ್ತು. ಟ್ರಂಪೆಟ್ಟು ಎದ್ದಿತು ನೋಡಿ. ಅಷ್ಟು ಹೊತ್ತು ಹಿಡಿದಿಟ್ಟ ಉಸಿರೆಲ್ಲ ಅದರಲ್ಲಿತ್ತು. ಮಾಸ್ಟ್ರು ಹಾಕಿದ ಪ್ರಶ್ನೆಯನ್ನೇ ತಿರುಗಿಸಿ ಅವರ ಮೇಲೆ ಎಸೆಯಿತು. ಮಾಸ್ಟ್ರು ನಡುವೆಯೇ ತಡೆದರು. ಅದು ಬಿಡಲಿಲ್ಲ. ಆಮೇಲೆ ಯಾರ ಸರದಿ ಎಂಬ ಲೆಕ್ಕವೇ ಉಳಿಯಲಿಲ್ಲ. ಮುಂದಿನ ಸಾಲಿನವರ ಕಾಲೂ ನೆಲ ಕುಟ್ಟುತ್ತಿದ್ದದ್ದನ್ನು ನಾನು ನೋಡಿದೆ. ಕೊನೆಗೆ ನಾಲ್ವರೂ ಪದಕ್ಕೆ ಬಂದು ನಿಂತಾಗ ಹರಿಕಥೆಯ ದಾಸರು ತಾಳ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಅರ್ಧ ಗಂಟೆ ಯಾವಾಗಲೋ ಮುಗಿದಿತ್ತು. ಎದ್ದು ಹೋದವರು ಯಾರೂ ಇರಲಿಲ್ಲ.

"ಒಂದು ಚಪ್ಪಾಳೆ ಹೊಡೆಯೋಕೆ ಏನಾಗಿತ್ತು ಸಾಹೇಬ್ರೇ?" ಎಂದು ಇಳಿದ ಕೂಡಲೇ ಕೇಳಿದೆ.

"ಅಯ್ಯನ ಪಕ್ಕದಲ್ಲಿ ಕೂತ್ಕಂಡು? ನಂಗೇನು ಹುಚ್ಚಾ?"

ಮರುದಿನ ಬೆಳಿಗ್ಗೆ ಸೈಕಲ್ ಶಾಪಿನ ಬೆಂಚು ಸಾಲದೆ ಜನ ಟಯರಿನ ಮೇಲೆ ಕೂತಿದ್ದರು. ಟ್ರಂಪೆಟ್ಟು ಗೆದ್ದಿತೆಂದು ಕೆಲವರು. ಕ್ಲಾರಿನೆಟ್ಟಿನ ಪ್ರಶ್ನೆಗೆ ಅದು ಉತ್ತರವೇ ಅಲ್ಲ, ಬರೀ ಕೂಗಾಟ ಎಂದು ಕೆಲವರು. ಡ್ರಮ್ಮು ಒಂದೇ ಹಟ ಹಿಡಿದಿತ್ತೆಂದು ನನ್ನ ಮುಖಕ್ಕೇ ಹೇಳಿದರು. ಬಟ್ಟೆ ಅಂಗಡಿಯವರು ಬಂದು, ಬರುವ ವರ್ಷ ಮುಕ್ಕಾಲು ಗಂಟೆ, ಆದರೆ ಬಿಡುವ ದಿನದ ಮೆರವಣಿಗೆ ತಪ್ಪಿಸುವಂತಿಲ್ಲ ಎಂದು ಹೇಳಿ ಹೋದರು. ಡ್ರೈವರು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಎಂಜಿನ್ ಆರಿಸದೆ ಒಳಗೆ ಬಂದಿದ್ದ.

ಅಯ್ಯನವರು ಎಲ್ಲರ ಮಾತು ಮುಗಿಯಲಿ ಎಂದು ಕಾದು ಹೇಳಿದರು. "ಚೊಲೋ ಇದ್ದು. ಅದ್ರಲ್ಲಿ ಎರಡು ಮಾತಿಲ್ಲೆ. ಆದ್ರೆ ಮಾಸ್ಟ್ರು ಎರಡನೇ ಸಲ ಹೇಳಿದ್ದನ್ನೇ ಹೇಳಿದ್ರು. ಅರ್ಥ ಬೆಳೀಲಿಲ್ಲೆ."

ಎದುರಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮಾಸ್ಟ್ರು ರಸ್ತೆ ದಾಟಿ ಬಂದರು. ಅವರ ಊದುವಿಕೆಯಲ್ಲಿ ತಪ್ಪು ಹುಡುಕಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತಪ್ಪು ಹೇಳಬೇಕಾದರೆ ಕೇಳಿರಬೇಕಲ್ಲ. ಅವರ ಮುಖ ಅರಳಿತ್ತು. ಆದರೆ ಮಾತು ಬಿಟ್ಟುಕೊಡಲಿಲ್ಲ.

"ಹೇಳಿದ್ದನ್ನೇ ಹೇಳಿದ್ದಲ್ಲ ಅಯ್ಯಾ. ಕೊನೇಲಿ ತಿರುಗ್ಸಿದೀನಿ."

"ತಿರುಗಿದ್ದು ನಂಗೆ ಕೇಳಿದ್ದಿಲ್ಲೆ."

"ಹಂಗಾರೆ ಈಗ ಕೇಳಿ."

ಅವರು ಹೋಗಿ ಕ್ಲಾರಿನೆಟ್ಟು ತಂದರು. ಬೆಂಚಿನ ಮೇಲಿದ್ದವರು ಒತ್ತರಿಸಿ ಜಾಗ ಬಿಟ್ಟರು. ಮಾಸ್ಟ್ರು ನಡುವೆ ಕೂತು ಹಿಮ್ಮಡಿ ಕುಟ್ಟತೊಡಗಿದರು. ರಸ್ತೆಯಿಂದ ಬಸ್ಸಿನ ಕಂಡಕ್ಟರು ಸೀಟಿ ಊದಿದ, ಒಳಗಿದ್ದ ಪ್ಯಾಸೆಂಜರುಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು.

"ಸ್ವಲ್ಪ ತಡೀರ್ರಾ," ಎಂದು ಡ್ರೈವರು ಬಾಗಿಲಿನಿಂದಲೇ ಕೈಯಾಡಿಸಿದ. "ಇದು ಇತ್ಯರ್ಥ ಆಗ್ದೆ ಹೋದ್ರೆ ತೀರ್ಥಳ್ಳೀಲಿ ನಾನು ಏನಂತ ಹೇಳ್ಲಿ?" ಹೋಗಿ ಎಂಜಿನ್ ಆರಿಸಿ ಬಂದು, ತಲೆ ತಗ್ಗಿಸಿ ನಿಂತುಕೊಂಡ.